ಏಣಿ ಮೇಲೊಬ್ಬ, ಬೋರ್ಡಿನಲ್ಲೊಬ್ಬ: ಲೈಟ್ ಫೋಕಸ್ ಮಾಡಲು ಯಾವ ರಿಮೋಟ್ ಕೊಳ್ಳಬೇಕು?

ನೀವು ಕೇಳಿರುವುದು ಇಷ್ಟು: ಚಿತ್ರದುರ್ಗದ ಹವ್ಯಾಸಿ ತಂಡ, ಊರಿನ ತ.ರಾ.ಸು. ರಂಗಮಂದಿರದಲ್ಲೂ ಸುತ್ತಲಿನ ಹಳ್ಳಿಗಳ ಪೆಂಡಾಲಿನಲ್ಲೂ ನಾಟಕ ಆಡುತ್ತೀರಿ. ಲೈಟ್ ಕಟ್ಟಿ ಫೋಕಸ್ ಮಾಡುವ (ಒಂದೊಂದನ್ನೂ ಬೇಕಾದ ಜಾಗಕ್ಕೆ ತಿರುಗಿಸಿ ಬಿಗಿಯುವ) ದಿನ ಏಣಿ ಮೇಲಿನವನೂ ಲೈಟ್ ಹತ್ತಿಸಿ ಆರಿಸುವ ಬೋರ್ಡಿನವನೂ ಕೂಗಾಡಿ ಗಂಟಲು ಹರಿದುಕೊಳ್ಳುತ್ತಾರೆ. ಆನ್‌ಲೈನಿನಲ್ಲಿ ಕಂಡ ವೈರ್‌ಲೆಸ್ ರಿಮೋಟ್ ತರಿಸೋಣವೇ, ಫೋನಿನ ಆಪ್ ಸಾಕೇ?

ನಾನು ದಾವಣಗೆರೆಯವನು, ಈ ಭಾಗದ ತಂಡಗಳಿಗೆ ಲೈಟ್ ಮಾಡಿಕೊಂಡಿರುವವನು. ಆ ರಿಮೋಟ್ ತರಿಸಬೇಡಿ. ಎಲ್‌ಇಡಿ ಪಾರ್ (ಡಬ್ಬಿಯಾಕಾರದ ಬಣ್ಣದ ಲೈಟ್) ಜೊತೆ ಬರುವ ಇಂಥ ರಿಮೋಟುಗಳು ಹೆಚ್ಚಿನವು ಟಿವಿ ರಿಮೋಟಿನ ಹಾಗೆ ಇನ್ಫ್ರಾರೆಡ್. ಗುಂಡಿ ಒತ್ತಿದರೆ ಎದುರಿಗಿರುವ ಅಷ್ಟೂ ಪಾರ್ ಒಟ್ಟಿಗೆ ಕೆಂಪಾಗುತ್ತವೆ, ಒಟ್ಟಿಗೆ ಆರುತ್ತವೆ. ಫೋಕಸ್ ಮಾಡುವಾಗ ಬೇಕಾಗುವುದು ಇದಕ್ಕೆ ತದ್ವಿರುದ್ಧ: ಒಂದೇ ಒಂದು ಲೈಟ್ ಹತ್ತಬೇಕು, ಉಳಿದದ್ದೆಲ್ಲ ಕತ್ತಲಾಗಿರಬೇಕು.

ರಿಮೋಟ್ ಯಾವುದು ಎಂದು ಕೇಳುವ ಮೊದಲು ಬೋರ್ಡ್ ಯಾವುದು ನೋಡಿ. ಬೋರ್ಡಿನ ಹಿಂದೆ 5 ಪಿನ್ನಿನ ಅಥವಾ 3 ಪಿನ್ನಿನ ಡಿಎಂಎಕ್ಸ್ ಔಟ್ (ಲೈಟುಗಳಿಗೆ ಆದೇಶ ಒಯ್ಯುವ ಡಿಜಿಟಲ್ ಸಿಗ್ನಲ್ ಹೊರಬರುವ ಸಾಕೆಟ್) ಇದೆಯೇ? ಇಲ್ಲ, ಬರೀ ಸ್ಲೈಡರುಗಳಿರುವ ಹಳೇ ಅನಲಾಗ್ ಡಿಮ್ಮರ್ ಬೋರ್ಡು ಅನ್ನುವುದಾದರೆ ಯಾವ ಆಪೂ ಅದರ ಜೊತೆ ಮಾತಾಡುವುದಿಲ್ಲ. ಅಲ್ಲಿ ಎರಡು ವಾಕಿಟಾಕಿ ಕೊಂಡು ನೆಮ್ಮದಿಯಾಗಿರಿ.

ಬಾಡಿಗೆಗೆ ದೊಡ್ಡ ಕನ್ಸೋಲ್ (ಕಂಪ್ಯೂಟರ್ ಇರುವ ದೊಡ್ಡ ಬೋರ್ಡು) ತರುವವರಾದರೆ ಅದರ ಕಂಪನಿಯದೇ ರಿಮೋಟ್ ಇರುತ್ತದೆ. ಇಟಿಸಿ ಕಂಪನಿಯ ಈಯಾಸ್ ಸರಣಿಗೆ ಕೈಯಲ್ಲಿ ಹಿಡಿಯುವ ರೇಡಿಯೋ ಫೋಕಸ್ ರಿಮೋಟ್ ಉಂಟು, ಅದನ್ನೇ ಫೋನಿಗಿಳಿಸಿದ ಆಪ್ ಐಫೋನಿಗೂ ಆಂಡ್ರಾಯ್ಡಿಗೂ ಇದೆ. ಅವೊಲೈಟ್ಸ್‌ನವರ ಟೈಟನ್ ಕನ್ಸೋಲುಗಳಿಗೆ ಟೈಟನ್ ರಿಮೋಟ್ ಅನ್ನುವ ಆಪ್ ಇದೆ. ಗ್ರ್ಯಾಂಡ್‌ಎಂಎ3 ಕನ್ಸೋಲಿನಲ್ಲಿ ಬ್ರೌಸರಿನಿಂದಲೇ ಕೆಲಸ ಆಗುತ್ತದೆ. ಆದರೆ ಒಂದು ಎಚ್ಚರ. 'ಅವೊಲೈಟ್ಸ್ ಇದೆ ಸರ್' ಎಂದು ಬಾಡಿಗೆಯವರು ಹೇಳಿ ಕಳಿಸುವುದು ಎಷ್ಟೋ ಸಲ ಹಳೇ ಪರ್ಲ್ 2010 ಆಗಿರುತ್ತದೆ. ಅದು ಟೈಟನ್ ಅಲ್ಲ, ಆಪ್ ಅದಕ್ಕೆ ಹತ್ತುವುದಿಲ್ಲ. ಮಾಡೆಲ್ ಹೆಸರು ಕೇಳಿ, ಫೋಟೊ ತರಿಸಿಕೊಂಡು ಆಮೇಲೆ ಮುಂಗಡ ಕೊಡಿ.

ನಿಮ್ಮಂಥ ತಂಡದ ಹತ್ತಿರ ಇರುವುದು ಬಹುಶಃ ಸಣ್ಣ ಡಿಎಂಎಕ್ಸ್ ಬೋರ್ಡು, ಒಂದೆರಡು ಡಿಮ್ಮರ್ ಪ್ಯಾಕ್ (ಲೈಟಿಗೆ ಹೋಗುವ ಕರೆಂಟನ್ನು ಹೆಚ್ಚು ಕಡಿಮೆ ಮಾಡುವ ಪೆಟ್ಟಿಗೆ), ಹತ್ತಿಪ್ಪತ್ತು ಲೈಟು. ಅದಕ್ಕೆ ನಾನು ಹೇಳುವುದು ಲ್ಯಾಪ್‌ಟಾಪ್, ಒಂದು ಆರ್ಟ್‌ನೆಟ್ ನೋಡ್ (ನೆಟ್‌ವರ್ಕಿನಲ್ಲಿ ಬಂದ ಆದೇಶವನ್ನು ಡಿಎಂಎಕ್ಸ್ ಮಾಡುವ ಡಬ್ಬಿ) ಅಥವಾ ಯುಎಸ್‌ಬಿ ಡಿಎಂಎಕ್ಸ್ ಡಬ್ಬಿ, ಮತ್ತೆ ಕ್ಯೂಎಲ್‌ಸಿ ಪ್ಲಸ್ ಅನ್ನುವ ತಂತ್ರಾಂಶ. ತಂತ್ರಾಂಶ ಪುಕ್ಕಟೆ, ಮುಕ್ತ ಆಕರದ್ದು, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಎಂಟೆಕ್‌ನವರ ಓಪನ್ ಡಿಎಂಎಕ್ಸ್ ಮಾದರಿಯ ಅಗ್ಗದ ಯುಎಸ್‌ಬಿ ಡಬ್ಬಿಗಳಲ್ಲಿ ಸಿಗ್ನಲಿನ ತಾಳವನ್ನು ಲ್ಯಾಪ್‌ಟಾಪೇ ಹಾಕಬೇಕು, ಅದು ಬೇರೆ ಕೆಲಸದಲ್ಲಿ ತೊಡಗಿದರೆ ಲೈಟ್ ಮಿಟುಕುತ್ತದೆ. ಸಾಧ್ಯವಾದರೆ ಸ್ವಲ್ಪ ಹೆಚ್ಚು ಕೊಟ್ಟು ತನ್ನದೇ ಪ್ರೊಸೆಸರ್ ಇರುವುದನ್ನು, ಅಥವಾ ನೋಡನ್ನು ಕೊಳ್ಳಿ.

ಇನ್ನು ರಿಮೋಟ್. ಕ್ಯೂಎಲ್‌ಸಿ ಪ್ಲಸ್ಸನ್ನು ಅದರ ಕಮಾಂಡಿನ ಕೊನೆಗೆ -w ಎಂದು ಸೇರಿಸಿ ಶುರು ಮಾಡಿದರೆ ಅದು ತಾನೇ ಒಂದು ವೆಬ್ ಪುಟ ತೆರೆಯುತ್ತದೆ. ಅದೇ ವೈಫೈನಲ್ಲಿರುವ ಫೋನಿನ ಬ್ರೌಸರಿನಲ್ಲಿ ಲ್ಯಾಪ್‌ಟಾಪಿನ ಐಪಿ ವಿಳಾಸ ಹಾಕಿ ಮುಂದೆ :9999 ಹೊಡೆದರೆ ನೀವು ಮಾಡಿಟ್ಟ ಗುಂಡಿ, ಸ್ಲೈಡರುಗಳೆಲ್ಲ ಫೋನಿನಲ್ಲಿ ಬರುತ್ತವೆ. ಸಿಂಪಲ್ ಡೆಸ್ಕ್ ಪುಟದಲ್ಲಿ ಯಾವ ಚಾನೆಲ್ (ಲೈಟಿನ ನಿಯಂತ್ರಣ ನಂಬರ್) ಬೇಕಾದರೂ ಎತ್ತಬಹುದು. ಆಪ್ ಬೇಡ, ಫೋನ್ ಯಾವುದಾದರೂ ಆದೀತು.

ಆದರೂ ಏಣಿ ಮೇಲೆ ನಿಂತು ಫೋನ್ ಬಳಸುವುದು ನನಗಂತೂ ಒಗ್ಗಿಲ್ಲ. ಬಲಗೈಯಲ್ಲಿ ಸ್ಪ್ಯಾನರ್, ಎಡಗೈಗೆ ಗ್ಲೌಸ್, ಲೈಟಿನ ಮೈ ಸುಡುತ್ತಿದೆ. ಗ್ಲೌಸ್ ಹಾಕಿದ ಬೆರಳಿಗೆ ಸ್ಕ್ರೀನ್ ಸ್ಪಂದಿಸುವುದಿಲ್ಲ, ಕಣ್ಣು ಸ್ಟೇಜಿನ ಮೇಲಿಟ್ಟು ಗುಂಡಿ ಹುಡುಕಲು ಆಗುವುದಿಲ್ಲ, ನಡುವೆ ಮನೆಯಿಂದ ಫೋನು ಬರುತ್ತದೆ. ಕೈಗೆ ತಡವಿದರೆ ಸಿಗುವ ನಿಜವಾದ ಗುಂಡಿ ಬೇಕು.

ಅದಕ್ಕೆ ನನ್ನ ಉಪಾಯ, ಕಾಲೇಜು ಮೇಷ್ಟ್ರು ಸ್ಲೈಡ್ ಬದಲಿಸಲು ಹಿಡಿಯುವ ಪ್ರೆಸೆಂಟರ್ ಕ್ಲಿಕ್ಕರ್. ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಅದರ ಎರಡು ಗುಂಡಿ ಕಂಪ್ಯೂಟರಿಗೆ ಪೇಜ್ ಅಪ್, ಪೇಜ್ ಡೌನ್ ಕೀಗಳನ್ನು ಕಳಿಸುತ್ತವೆ, ಅಷ್ಟೇ. ಕ್ಯೂಎಲ್‌ಸಿ ಪ್ಲಸ್ಸಿನಲ್ಲಿ ಪ್ರತಿ ಲೈಟಿಗೂ ಒಂದು ಸೀನ್ ಮಾಡಿ: ಒಂದನೇ ಸೀನಿನಲ್ಲಿ ಒಂದನೇ ಲೈಟ್ ಮಾತ್ರ ಫುಲ್, ಎರಡನೆಯದರಲ್ಲಿ ಎರಡನೆಯದು, ಹೀಗೆ. ಎಲ್‌ಇಡಿ ಪಾರ್ ಆದರೆ ಒಟ್ಟು ಬೆಳಕಿನ ಮಾಸ್ಟರ್ ಚಾನೆಲ್ಲನ್ನೂ ಬಿಳಿಯನ್ನೂ ಸೇರಿಸಲು ಮರೆಯಬೇಡಿ. ಇವನ್ನೆಲ್ಲ ಒಂದು ಚೇಸರಿಗೆ (ಸೀನುಗಳನ್ನು ಸಾಲಾಗಿ ಓಡಿಸುವ ಪಟ್ಟಿಗೆ) ಹಾಕಿ, ಹೋಲ್ಡ್ ಸಮಯವನ್ನು ಅನಂತ ಮಾಡಿ, ಆ ಚೇಸರನ್ನು ವರ್ಚುವಲ್ ಕನ್ಸೋಲಿನಲ್ಲಿ (ಪರದೆಯ ಮೇಲಿನ ಬೋರ್ಡಿನಲ್ಲಿ) ಕ್ಯೂ ಲಿಸ್ಟಿಗೆ ಕೊಡಿ. ಕ್ಯೂ ಲಿಸ್ಟಿನ ಮುಂದೆ, ಹಿಂದೆ ಗುಂಡಿಗಳಿಗೆ ಕೀ ಆರಿಸಲು ಕೇಳುವ ಜಾಗದಲ್ಲಿ ಕ್ಲಿಕ್ಕರನ್ನೇ ಒತ್ತಿ. ಮುಗಿಯಿತು. ಹೆಬ್ಬೆರಳು ಒತ್ತಿದರೆ ಮುಂದಿನ ಲೈಟ್ ಹತ್ತುತ್ತದೆ, ಹಿಂದಿನದು ತಾನೇ ಆರುತ್ತದೆ. 'ಅಣ್ಣಾ, ಏಳು ಕೊಡು', 'ಏಳಾ? ಒಂಬತ್ತಾ?', 'ಏಳೂ... ಆರು ತೆಗಿ!' ಅನ್ನುವ ಕೂಗಾಟ ಅಲ್ಲಿಗೇ ನಿಲ್ಲುತ್ತದೆ. ಕಂಪನಿಗಳು ದುಬಾರಿ ರಿಮೋಟಿನಲ್ಲಿ ಮಾರುವ ನೆಕ್ಸ್ಟ್, ಲಾಸ್ಟ್ ಗುಂಡಿಗಳ ಕೆಲಸವೂ ಇದೇ.

ಸೀನುಗಳ ಸಾಲನ್ನು ಚಾನೆಲ್ ನಂಬರಿನ ಪ್ರಕಾರ ಜೋಡಿಸಬೇಡಿ, ಏಣಿ ಸರಿಯುವ ದಾರಿಯಲ್ಲಿ ಜೋಡಿಸಿ. ಮುಂದಿನ ಬಾರಿನ (ಲೈಟ್ ಕಟ್ಟುವ ಅಡ್ಡ ಪೈಪಿನ) ಎಡತುದಿಯಿಂದ ಬಲಕ್ಕೆ, ಆಮೇಲೆ ಹಿಂದಿನ ಬಾರಿನಲ್ಲಿ ಬಲದಿಂದ ಎಡಕ್ಕೆ. ಏಣಿ ಎಳೆಯುವವರ ಬೆನ್ನು ನಿಮಗೆ ಋಣಿಯಾಗಿರುತ್ತದೆ.

ಈ ಏರ್ಪಾಡಿಗೆ ಇರುವ ಕಿರಿಕಿರಿಗಳನ್ನೂ ಹೇಳಿಬಿಡುತ್ತೇನೆ. ಕ್ಯೂಎಲ್‌ಸಿ ಪ್ಲಸ್ ಆಪರೇಟ್ ಮೋಡಿನಲ್ಲಿದ್ದು ಅದರ ಕಿಟಕಿಯೇ ಮುಂದಿರಬೇಕು, ಯಾರಾದರೂ ನಡುವೆ ಹಾಡು ಹಾಕಲು ಬೇರೆ ಕಿಟಕಿ ತೆರೆದರೆ ಕ್ಲಿಕ್ಕರ್ ಅಲ್ಲಿಗೆ ಹೋಗಿ ಕೂರುತ್ತದೆ. ಕ್ಲಿಕ್ಕರಿನ ದೂರ ಸಾಮಾನ್ಯವಾಗಿ ಹತ್ತು, ಹದಿನೈದು ಮೀಟರ್. ಹಾಗಾಗಿ ಲ್ಯಾಪ್‌ಟಾಪನ್ನು ಫೋಕಸ್ ಹೊತ್ತಿಗೆ ಸಭಾಂಗಣದ ಹಿಂದಿನ ಕ್ಯಾಬಿನ್ನಿನಲ್ಲಿ ಇಡದೆ ಸ್ಟೇಜಿನ ಪಕ್ಕಕ್ಕೆ ತನ್ನಿ, ರಿಸೀವರನ್ನು ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ನಿನಲ್ಲಿ ಎತ್ತರಕ್ಕೆ ಕಟ್ಟಿ. ಡಿಮ್ಮರ್ ಪ್ಯಾಕಿನ ಕಬ್ಬಿಣದ ಪೆಟ್ಟಿಗೆ ಹಿಂದೆ ಸಿಕ್ಕಿಸಿದರೆ ಸಿಗ್ನಲ್ ಸಾಯುತ್ತದೆ.

ಫೋನನ್ನೇ ಬಳಸುವುದಾದರೆ ರಂಗಮಂದಿರದ ವೈಫೈ ನಂಬಬೇಡಿ, ನಿಮ್ಮದೇ ಒಂದು ಸಣ್ಣ ರೂಟರ್ ಇಟ್ಟುಕೊಳ್ಳಿ. ಅದಕ್ಕೆ ಇಂಟರ್ನೆಟ್ ಬೇಕಿಲ್ಲ. ಇಂಟರ್ನೆಟ್ ಇಲ್ಲವೆಂದು ಗೊತ್ತಾದ ಕೂಡಲೇ ಆಂಡ್ರಾಯ್ಡ್ ಫೋನು ಮೊಬೈಲ್ ಡೇಟಾಕ್ಕೆ ಹಾರುತ್ತದೆ, ಪುಟ ತೆರೆಯುವುದಿಲ್ಲ, ಎಲ್ಲರೂ ರೂಟರನ್ನು ಬಯ್ಯುತ್ತಾರೆ. ಏರೋಪ್ಲೇನ್ ಮೋಡ್ ಹಾಕಿ, ವೈಫೈ ಮಾತ್ರ ಆನ್ ಮಾಡಿ. ಮನೆಯ ಫೋನ್ ಕರೆಯ ಸಮಸ್ಯೆಯೂ ಅದರಲ್ಲೇ ತೀರಿತು.

ಯಾವ ರಿಮೋಟೇ ಆಗಲಿ ಅದಕ್ಕೊಂದು ದಾರ ಇರಲೇಬೇಕು, ದಾರದ ತುದಿ ನಿಮ್ಮ ಸೊಂಟದ ಬೆಲ್ಟಿಗೆ. ಹದಿನೈದು ಅಡಿಯಿಂದ ಬಿದ್ದ ಫೋನು ಒಡೆಯುವುದು ಆಮೇಲಿನ ಮಾತು, ಕೆಳಗೆ ಏಣಿ ಹಿಡಿದವನ ತಲೆ ಇರುತ್ತದೆ. ಸ್ಪ್ಯಾನರಿಗೂ ಇದೇ ಮಾತು, ಕಟ್ಟಿದ ಪ್ರತಿ ಲೈಟಿಗೂ ಸೇಫ್ಟಿ ಚೈನ್ ಕಡ್ಡಾಯ.

ಇದಕ್ಕಿಂತ ಮುಖ್ಯವಾದ ಇನ್ನೊಂದು. ರಿಮೋಟಿನಲ್ಲಿ ಸೊನ್ನೆ ಮಾಡಿದರೆ ಲೈಟ್ ಆರುತ್ತದೆ, ಕರೆಂಟ್ ಹೋಗುವುದಿಲ್ಲ. ಡಿಮ್ಮರಿನ ಒಳಗಿನ ಥೈರಿಸ್ಟರ್ (ಕರೆಂಟ್ ನಿಯಂತ್ರಿಸುವ ಬಿಡಿಭಾಗ) ಪೂರ್ತಿ ಕತ್ತರಿಸುವ ಸ್ವಿಚ್ ಅಲ್ಲ, ಸ್ವಲ್ಪ ಸೋರುತ್ತದೆ. ತಂತಿ ಅದಲುಬದಲಾಗಿದ್ದರಂತೂ ಹೋಲ್ಡರಿನಲ್ಲಿ ಪೂರ್ತಿ 230 ವೋಲ್ಟ್ ಕೂತಿರಬಹುದು. ಬಲ್ಬ್ ಬದಲಿಸುವಾಗ ಪ್ಲಗ್ ಕೀಳಿ, ಇಲ್ಲವೇ ಎಂಸಿಬಿ ಇಳಿಸಿ. ರಿಮೋಟ್ ಕೈಗೆ ಬಂದ ಮೇಲೆ ಹುಡುಗರು ಮೊದಲು ಮರೆಯುವುದು ಇದನ್ನೇ.

ಈಗಿರುವ ಬೋರ್ಡನ್ನೂ ಲ್ಯಾಪ್‌ಟಾಪನ್ನೂ ಒಂದೇ ಡಿಎಂಎಕ್ಸ್ ಲೈನಿಗೆ ವೈ ಕೇಬಲ್ ಹಾಕಿ ಜೋಡಿಸುತ್ತೇವೆ ಎಂದು ಯಾರಾದರೂ ಅಂದರೆ ತಡೆಯಿರಿ. ಒಂದು ಲೈನಿನಲ್ಲಿ ಹೇಳುವವನು ಒಬ್ಬನೇ ಇರಬೇಕು, ಇಬ್ಬರಾದರೆ ಲೈಟುಗಳು ಹುಚ್ಚೆದ್ದು ಕುಣಿಯುತ್ತವೆ. ಫೋಕಸ್ ಮುಗಿಯುವವರೆಗೆ ಬೋರ್ಡಿನ ಕೇಬಲ್ ಕಿತ್ತಿಡಿ, ಆಮೇಲೆ ಬದಲಿಸಿ. ಅಥವಾ ಎರಡು ಸಿಗ್ನಲನ್ನು ಒಂದು ಮಾಡುವ ಡಿಎಂಎಕ್ಸ್ ಮರ್ಜರ್ ಕೊಳ್ಳಿ.

ರಿಮೋಟ್ ಯಾರ ಕೈಯಲ್ಲಿರಬೇಕು ಎಂಬುದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಬ್ಬರಿದ್ದರೆ ಅದು ಕೆಳಗೆ ಸ್ಟೇಜಿನಲ್ಲಿ ನಟನ ಜಾಗದಲ್ಲಿ ನಿಂತವನ ಕೈಯಲ್ಲಿರಲಿ. ಮೇಲಿನವನಿಗೆ ಎರಡೂ ಕೈ ಲೈಟಿಗೇ ಬೇಕು. ಕೆಳಗಿನವನು ಬೆಳಕಿಗೆ ಬೆನ್ನು ಮಾಡಿ ತನ್ನ ತಲೆಯ ನೆರಳು ಎಲ್ಲಿ ಬೀಳುತ್ತಿದೆ ನೋಡಲಿ. ನೆರಳಿನ ತಲೆ ಬೆಳಕಿನ ವೃತ್ತದ ನಡುವೆ ಇದ್ದರೆ ಬೆಳಕಿನ ಅತಿ ಪ್ರಖರ ಭಾಗ ಮುಖಕ್ಕೆ ಬಿದ್ದಿದೆ ಎಂದರ್ಥ. 'ಸ್ವಲ್ಪ ಮೇಲೆ, ಸಾಕು, ಟೈಟ್ ಮಾಡು', ಕ್ಲಿಕ್, ಮುಂದಿನದು. ಏಣಿ ಮೇಲಿನವನು ಒಂಟಿಯಾಗಿದ್ದಾಗ ಮಾತ್ರ ರಿಮೋಟ್ ಅವನ ಸೊಂಟಕ್ಕೆ.

ಬಯಲಿನಲ್ಲಿ ಇದರ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಬಯಲು ರಂಗಮಂದಿರದಂಥ ಕಡೆ, ನವೆಂಬರಿನ ನಾಟಕೋತ್ಸವದ ಹೊತ್ತಿಗೆ ಸೂರ್ಯ ಮುಳುಗುವುದು ಆರರ ಆಸುಪಾಸು. ಹಗಲಲ್ಲಿ ಕಟ್ಟಬಹುದು, ಫೋಕಸ್ ಕಾಣುವುದಿಲ್ಲ. ಕತ್ತಲಾದ ಮೇಲೆ ಜನ ಬಂದು ಕೂರುವ ಮುಂಚೆ ಸಿಗುವುದು ತುಣುಕು ಸಮಯ, ಇಲ್ಲವೇ ಹಿಂದಿನ ರಾತ್ರಿ. ಅಂಥಲ್ಲಿ ಪ್ರತಿ ಲೈಟಿಗೂ ನಂಬರ್ ಕೂಗಿ ಕಾಯುವ ಅರ್ಧ ನಿಮಿಷವೂ ದುಬಾರಿ. ಹಗಲಲ್ಲೇ ಮುಗಿಸಬಹುದಾದ ಕೆಲಸವೂ ಇದೆ: ಬಾರು ಇನ್ನೂ ಎದೆಯ ಎತ್ತರದಲ್ಲಿರುವಾಗಲೇ ಕ್ಲಿಕ್ಕರ್ ಹಿಡಿದು ಒಂದೊಂದೇ ಹತ್ತಿಸುತ್ತ ಹೋಗಿ. ಸತ್ತ ಬಲ್ಬು, ತಪ್ಪು ಅಡ್ರೆಸ್ (ಲೈಟಿಗೆ ಕೊಟ್ಟ ಡಿಎಂಎಕ್ಸ್ ನಂಬರ್), ಸಡಿಲ ಪ್ಲಗ್ಗು ಎಲ್ಲ ನೆಲದಲ್ಲೇ ಸಿಕ್ಕಿಬೀಳುತ್ತವೆ. ಪೆಂಡಾಲಿನಲ್ಲಂತೂ ಮೇಲೇರಿಸಿದ ಮೇಲೆ ಇಳಿಸಲು ಯಾರೂ ಒಪ್ಪುವುದಿಲ್ಲ.

ಮೂವಿಂಗ್ ಹೆಡ್‌ಗಳಿದ್ದರೆ ಕಥೆ ಬೇರೆ. ಅವು ಮೋಟರಿನಿಂದ ತಾವೇ ತಿರುಗುವ ಲೈಟುಗಳು, ಅವಕ್ಕೆ ಏಣಿಯೇ ಬೇಡ, ಫೋನಿನ ಸ್ಲೈಡರಿನಲ್ಲಿ ಪ್ಯಾನ್ (ಅಡ್ಡಕ್ಕೆ), ಟಿಲ್ಟ್ (ಮೇಲೆ ಕೆಳಗೆ) ತಿರುಗಿಸಬಹುದು. ಆದರೆ ಬೆರಳಿಗೂ ಲೈಟಿಗೂ ನಡುವೆ ಒಂದು ಕ್ಷಣದ ತಡ ಇರುತ್ತದೆ, ನಿಖರವಾಗಿ ಕೂರಿಸಲು ಬೋರ್ಡಿನ ಚಕ್ರವೇ ವಾಸಿ.

ಕ್ಲಿಕ್ಕರ್ ಇವತ್ತೇ ಬೇಕಾದರೂ ತಗೊಳ್ಳಿ, ಬೇರೇನಕ್ಕಿಲ್ಲದಿದ್ದರೂ ಸ್ಲೈಡ್ ತೋರಿಸಲು ಬರುತ್ತದೆ. ನೋಡ್ ಕೊಳ್ಳುವ ಮೊದಲು ನಿಮ್ಮ ಬೋರ್ಡಿನ ಹಿಂಭಾಗದ ಮತ್ತು ಡಿಮ್ಮರ್ ಪ್ಯಾಕಿನ ಸಾಕೆಟ್ಟುಗಳ ಫೋಟೊ ಇಲ್ಲಿ ಹಾಕಿ. 3 ಪಿನ್ನೋ 5 ಪಿನ್ನೋ ನೋಡಿ ಯಾವ ಕೇಬಲ್ ಬೇಕೆಂದು ಹೇಳುತ್ತೇನೆ. ಮೈಕಿನ ಕೇಬಲ್ ಮಾತ್ರ ಹಾಕಬೇಡಿ. ಡಿಎಂಎಕ್ಸ್‌ಗೆ ಬೇಕಾದದ್ದು 120 ಓಮ್‌ನ ಕೇಬಲ್, ಲೈನಿನ ಕೊನೆಯ ಲೈಟಿಗೆ ಒಂದು ಟರ್ಮಿನೇಟರ್ (ಸಿಗ್ನಲ್ ವಾಪಸ್ ಚಿಮ್ಮದಂತೆ ತಡೆಯುವ ಪ್ಲಗ್).