ಹೊಸ ರಿವಾಲ್ವರ್‌ನಿಂದ ಸೀಸ ಸಿಡಿದರೆ

ಹೊಸ .32 ರಿವಾಲ್ವರ್ ಹೊಡೆದಾಗ ಪಕ್ಕಕ್ಕೆ ಸೀಸದ ಚೂರು ಸಿಡಿಯುತ್ತೆ, ತೀರ್ಥಹಳ್ಳಿಯ ಲೇತ್ ಅಂಗಡಿಯಲ್ಲಿ ಸರಿ ಮಾಡಿಸಬಹುದಾ ಅಂತ ಕೇಳಿದ್ದೀರಿ. ಬೇಡ. ಇನ್ನೊಂದು ಗುಂಡೂ ಹಾರಿಸಬೇಡಿ.

ಸಿಲಿಂಡರ್ ಅಂದ್ರೆ ರಿವಾಲ್ವರ್‌ನ ತಿರುಗುವ ಉರುಳೆ, ಅದರಲ್ಲಿ ಗುಂಡು ಕೂರುವ ಒಂದೊಂದು ತೂತೇ ಚೇಂಬರ್. ಚೇಂಬರ್ ನಳಿಗೆಗೆ ನೇರ ಕೂರದಿದ್ದರೆ ಗುಂಡು ಅಂಚಿಗೆ ಉಜ್ಜಿ ಸೀಸ ಕೆತ್ತಿಹೋಗುತ್ತೆ. ಮೊದಲು ಪೂರ್ತಿ ಖಾಲಿ ಮಾಡಿ. ಆರೂ ಚೇಂಬರನ್ನು ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. ಆಮೇಲೆ ಯಾರೂ ಇಲ್ಲದ ಕಡೆ ಹಿಡಿದು ಹಿಂದಿರುವ ಹ್ಯಾಮರನ್ನು (ಗುಂಡಿಗೆ ಬಡಿಯುವ ಸುತ್ತಿಗೆ) ನಿಧಾನ ಎಳೆಯಿರಿ. ಪ್ರತಿ ಸಲ ಸಿಲಿಂಡರ್ ‘ಟಕ್’ ಅಂತ ಕಚ್ಚಿಕೊಳ್ಳಬೇಕು. ಯಾವ ಚೇಂಬರ್ ಕಚ್ಚದೆ ಅಲ್ಲಾಡುತ್ತೋ ಅದಕ್ಕೆ ಮಾರ್ಕರ್‌ನಲ್ಲಿ ಚುಕ್ಕೆ ಇಟ್ಟು ವಿಡಿಯೊ ತೆಗೆದಿಡಿ.

ವಿಡಿಯೊ ತೆಗೆದಿಡಿ ಅಂತ ಸುಮ್ನೆ ಹೇಳ್ತಿಲ್ಲ. ನಾನು ತೋಟಕ್ಕೆ ತಂದ ಹೊಸ ಕೋವಿಯಲ್ಲಿ ಖಾಲಿ ತೋಟಾ ಸಿಕ್ಕಿಕೊಳ್ಳುತ್ತಿತ್ತು. ಅಂಗಡಿಯವರು ‘ಮಳೆಗಾಲ ಅಲ್ವಾ, ಎಣ್ಣೆ ಹಾಕಿ’ ಅಂದ್ರು. ವಿಡಿಯೊ ನೋಡಿದ ಮೇಲೇ ವಾಪಸ್ ತಗೊಂಡಿದ್ದು.

ಆಯುಧ ಕಾಯ್ದೆ 1959ರ 5ನೇ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು. ಅದಕ್ಕೇ ಲೇತ್ ಅಂಗಡಿ ಬೇಡ ಅಂದಿದ್ದು. ಬಿಲ್, ಲೈಸೆನ್ಸ್ ಹಿಡಿದು ಕೊಂಡ ಅಂಗಡಿಗೇ ಹೋಗಿ, ದೂರನ್ನು ಬರಹದಲ್ಲೇ ಕೊಡಿ. ಬೇರೆ ರಿವಾಲ್ವರ್ ಕೊಟ್ಟರೆ ನಂಬರ್ ಬದಲಾಗುತ್ತೆ. ಶಿವಮೊಗ್ಗದ ಡಿಸಿ ಆಫೀಸಿನಲ್ಲಿ ಕೇಳಿ ಲೈಸೆನ್ಸಿಗೆ ಹೊಸ ನಂಬರ್ ಏರಿಸಿಕೊಳ್ಳಿ.