ಹೊಸ ಅಂಗಡಿಯವರಿಗೆ ಮೊದಲ ಬಿಲ್ಲಿಗೇ ಒಂದು ಲಕ್ಷದ ಉದ್ರಿ ಕೊಡಬಹುದೇ?

ಹೆಚ್ಚು ಪರಿಚಯವಿಲ್ಲದ ಕಿರಾಣಿ ಅಂಗಡಿಯವರೊಬ್ಬರು ಒಂದು ಲಕ್ಷ ರೂಪಾಯಿಯ ಎಣ್ಣೆ, ಬೇಳೆಯನ್ನು 30 ದಿನಗಳ ಉದ್ರಿಗೆ ಕೇಳುತ್ತಿದ್ದಾರೆ, ಕೊಡಬಹುದೇ ಎಂದು ಕೇಳಿದ್ದೀರಿ. ನಾನೂ ದಾವಣಗೆರೆಯಲ್ಲಿ ಇದೇ ಸಗಟು ವ್ಯಾಪಾರದಲ್ಲಿರುವವನು. ಮೊದಲ ಸಲವೇ ಅಷ್ಟು ಕೊಡಬೇಡಿ.

ಅವರು ನಂಬಿಗಸ್ತರೇ ಎಂದು ಯೋಚಿಸುವ ಮೊದಲು ನಿಮ್ಮ ಲಾಭವನ್ನು ಲೆಕ್ಕ ಹಾಕಿ. ನೂರಕ್ಕೆ ನಾಲ್ಕು ರೂಪಾಯಿ ಉಳಿಯುವ ಸರಕಾದರೆ ಆ ಒಂದು ಲಕ್ಷದಲ್ಲಿ ನಿಮ್ಮ ಅಸಲೇ 96,000 ರೂಪಾಯಿ. ಅದು ಮುಳುಗಿದರೆ ತುಂಬಿಕೊಳ್ಳಲು ಬೇರೆಯವರೊಂದಿಗೆ 24 ಲಕ್ಷದ ವ್ಯಾಪಾರ ಮಾಡಬೇಕಾಗುತ್ತದೆ. ಹಣ ಬರಲಿ, ಬಾರದಿರಲಿ, ಬಿಲ್ ಹರಿದ ಮೇಲೆ ಜಿಎಸ್‌ಟಿಯನ್ನಂತೂ ನೀವು ಕಟ್ಟಲೇಬೇಕು.

ಅವರ ಜಿಎಸ್‌ಟಿ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ ಹಾಕಿ ನೋಡಿ. ನೋಂದಣಿಯಾದ ದಿನಾಂಕ, ಅದು ಚಾಲ್ತಿಯಲ್ಲಿದೆಯೇ ರದ್ದಾಗಿದೆಯೇ ಎಂಬುದು, ರಿಟರ್ನ್ ಸಲ್ಲಿಸಿದ ದಿನಾಂಕಗಳು ಎಲ್ಲವೂ ಅಲ್ಲಿ ಸಿಗುತ್ತವೆ. ತಡವಾದರೆ ದಂಡ ಬೀಳುತ್ತದೆಂದು ಗೊತ್ತಿದ್ದೂ ತಿಂಗಳುಗಟ್ಟಲೆ ತಡಮಾಡುವವರು ನಿಮ್ಮ ಬಾಕಿಯನ್ನು ವಾಯಿದೆಗೆ ಸರಿಯಾಗಿ ತೀರಿಸುತ್ತಾರೆಂದು ನಾನು ನಂಬುವುದಿಲ್ಲ. ಆಮೇಲೆ, ಹೇಳದೆ ಒಂದು ಸಂಜೆ ಅಂಗಡಿಗೆ ಹೋಗಿ ಬನ್ನಿ. ಕಪಾಟಿನಲ್ಲಿ ಮುಂದಿನ ಸಾಲಿನಲ್ಲಷ್ಟೇ ಪ್ಯಾಕೆಟ್‌ಗಳಿದ್ದು ಹಿಂದೆಲ್ಲ ಖಾಲಿಯಿದ್ದರೆ, ಅಥವಾ ಕಂಪನಿಯ ಸೇಲ್ಸ್‌ಮನ್ ಹಳೆಯ ಬಾಕಿಗಾಗಿ ಕಾದು ನಿಂತಿದ್ದರೆ, ಅಲ್ಲಿನ ಬಂಡವಾಳದ ಸ್ಥಿತಿ ನಿಮಗೇ ತಿಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಇಷ್ಟು ದಿನ ಯಾರಿಂದ ಸರಕು ತರುತ್ತಿದ್ದರು, ಈಗೇಕೆ ಬಿಟ್ಟರು ಎಂಬುದನ್ನು ಕೇಳಿ, ಆ ವ್ಯಾಪಾರಿಗೆ ನೀವೇ ಫೋನ್ ಮಾಡಿ. ಪೇಟೆಯಲ್ಲಿ ನಾವು ಪೈಪೋಟಿಗೆ ಬಿದ್ದವರಾದರೂ ಬಾಕಿಯ ವಿಷಯದಲ್ಲಿ ಪರಸ್ಪರ ನಿಜವನ್ನೇ ಹೇಳುವವರು ಹೆಚ್ಚು. ಹೆಸರು ಹೇಳಲು ಹಿಂಜರಿದರೆ ನಗದು ವ್ಯಾಪಾರವನ್ನಷ್ಟೇ ಮಾಡಿ.

ಎಲ್ಲವೂ ಸರಿಯೆನಿಸಿದರೂ ಮೊದಲ ಕೆಲವು ಬಿಲ್ ನಗದಿಗೇ ಇರಲಿ. ನಂತರ 15,000 ರೂಪಾಯಿಯವರೆಗೆ ಉದ್ರಿ ಕೊಟ್ಟು, ಹಿಂದಿನ ಬಿಲ್ ಪೂರ್ತಿ ತೀರಿದ ಮೇಲೆಯೇ ಮುಂದಿನ ಸರಕು ಕಳಿಸಿ. ಸಣ್ಣ ಬಿಲ್‌ಗಳನ್ನು ಚಾಚೂ ತಪ್ಪದೆ ಕೊಟ್ಟು ವಿಶ್ವಾಸ ಗಳಿಸಿ, ಹಬ್ಬದ ಮುಂಚೆ ದೊಡ್ಡ ಆರ್ಡರ್ ಕೊಟ್ಟು ಮಾಯವಾಗುವವರೂ ಇರುವುದರಿಂದ ಮಿತಿಯನ್ನು ಒಮ್ಮೆಲೇ ಏರಿಸಬೇಡಿ.

ಭದ್ರತೆಗೆ ಚೆಕ್ ಪಡೆಯಿರಿ, ಆದರೆ ಅದನ್ನೇ ಹಣವೆಂದು ಭಾವಿಸಬೇಡಿ. ಚೆಕ್ ಬೌನ್ಸ್ ಆದರೆ, ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ತಲುಪಿ 15 ದಿನ ಕಳೆದರೂ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು ದಾಖಲಿಸಬೇಕು. ಆಗ ಸರಕು ತಲುಪಿದ್ದನ್ನು ತೋರಿಸಲು ಬೇಕಾಗುವುದರಿಂದ, ಪ್ರತಿ ಬಿಲ್ಲಿನ ನಿಮ್ಮ ಪ್ರತಿಯ ಮೇಲೆ ಅವರ ಸಹಿ, ಅಂಗಡಿಯ ಸೀಲು ಹಾಕಿಸಿಕೊಂಡೇ ಸರಕು ಇಳಿಸುವಂತೆ ಗಾಡಿಯವರಿಗೆ ಹೇಳಿಡಿ.