ಕತ್ತಿಗೂ ಕೋವಿಗೂ ನಡುವಿನ ಹೆಜ್ಜೆಗಳು

ಪ್ರಶ್ನೆ: ಕತ್ತಿ ಹಿಡಿದ ಯೋಧ ಸಮುರಾಯ್ ಜಪಾನಿನವನು, ಕೌಬಾಯ್ ಅಮೆರಿಕದವನು. ಇವರನ್ನು ಬೆರೆಸಿದ ಆ್ಯಕ್ಷನ್ ಸಿನಿಮಾಗಳು ಅಷ್ಟು ಚೆನ್ನಾಗಿ ಒಗ್ಗುವುದು ಹೇಗೆ?

ಉತ್ತರ: ಸಮುರಾಯ್‌ಗಳ ಕೊನೆಗಾಲವೂ ಕೌಬಾಯ್‌ಗಳ ಕಾಲವೂ ಹೆಚ್ಚುಕಡಿಮೆ ಒಂದೇ. ಅಮೆರಿಕದ ಅಂತರ್ಯುದ್ಧ ಮುಗಿದದ್ದು 1865ರಲ್ಲಿ, ಬಹುತೇಕ ವೆಸ್ಟರ್ನ್‌ಗಳ (ಕೌಬಾಯ್ ಚಿತ್ರಗಳ) ಕಥೆ ಅದರ ನಂತರದ್ದು. ಜಪಾನಿನಲ್ಲಿ 1868ಕ್ಕೆ ಶೋಗುನ್ ಎಂಬ ಸೇನಾಧಿಪತಿಗಳ ಆಳ್ವಿಕೆ ಮುಗಿಯಿತು, 1876ರಲ್ಲಿ ಸೊಂಟಕ್ಕೆ ಕತ್ತಿ ಸಿಕ್ಕಿಸಿ ಓಡಾಡುವುದಕ್ಕೇ ನಿಷೇಧ ಬಿತ್ತು. ಒಡೆಯನಿಲ್ಲದ ಸಮುರಾಯ್ ಆದ ರೋನಿನ್‌ಗೂ ಊರೂರು ಅಲೆಯುವ ಪಿಸ್ತೂಲುಗಾರನಿಗೂ ಸಂಕಟ ಒಂದೇ: ಕೈಯಲ್ಲಿ ವಿದ್ಯೆ ಇದೆ, ಅದಕ್ಕೆ ಬೆಲೆ ಕೊಡುವ ಕಾಲ ಜಾರುತ್ತಿದೆ. ನಿರ್ದೇಶಕರ ನಡುವೆಯೂ ಕೊಡುಕೊಳ್ಳುವಿಕೆ ಇತ್ತು. ಹಾಲಿವುಡ್‌ನ ವೆಸ್ಟರ್ನ್ ನಿರ್ದೇಶಕ ಜಾನ್ ಫೋರ್ಡ್‌ರ ಚಿತ್ರಗಳನ್ನು ಮೆಚ್ಚಿದ ಜಪಾನಿನ ನಿರ್ದೇಶಕ ಅಕಿರ ಕುರೊಸಾವ ‘ಸೆವೆನ್ ಸಮುರಾಯ್’ (1954) ಮಾಡಿದರು, ಅದು ಹಾಲಿವುಡ್‌ನಲ್ಲಿ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ (1960) ಆಯಿತು. ಅವರ ‘ಯೊಜಿಂಬೊ’ (1961) ಇಟಲಿಯ ಸೆರ್ಜಿಯೊ ಲಿಯೊನೆ ಕೈಯಲ್ಲಿ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ (1964) ಆಯಿತು. ಅನುಮತಿ ಕೇಳದೆ ತೆಗೆದದ್ದರಿಂದ ಅದರ ಗಳಿಕೆಯಲ್ಲಿ ಶೇ 15ರಷ್ಟನ್ನು ಜಪಾನಿನವರಿಗೆ ಕೊಡಬೇಕಾಗಿ ಬಂತು.

ಪ್ರಶ್ನೆ: ಕತ್ತಿ ಹಿಡಿದವನು ಪಿಸ್ತೂಲಿನ ಮುಂದೆ ಗೆಲ್ಲುವುದು ನಂಬುವಂತಿರುತ್ತದೆಯೇ?

ಉತ್ತರ: (ಕ್ಲೈಮ್ಯಾಕ್ಸ್ ಮೊದಲೇ ತಿಳಿಯುವುದು ಬೇಡ ಎನ್ನುವವರು ಈ ಉತ್ತರ ಬಿಟ್ಟುಬಿಡಿ.) ಈ ಬಗೆಯ ಚಿತ್ರದ ಜೀವ ಇರುವುದೇ ಈ ಪ್ರಶ್ನೆಯಲ್ಲಿ. ಗುಂಡು ಇಡೀ ಬೀದಿಯನ್ನು ದಾಟುತ್ತದೆ. ಕತ್ತಿಗೆ ಎದುರಾಳಿ ಒಂದೆರಡು ಹೆಜ್ಜೆಯಳತೆಗೆ ಸಿಗಬೇಕು. ಆ ಅಂತರವನ್ನು ನಾಯಕ ಹೇಗೆ ದಾಟಿದ ಎಂಬುದನ್ನು ನಿರ್ದೇಶಕ ತೋರಿಸಲೇಬೇಕು. ‘ಯೊಜಿಂಬೊ’ದಲ್ಲಿ ಏಟು ತಿಂದು ಅಡಗಿ ಕೂತ ನಾಯಕ, ಗಾಳಿಗೆ ಹಾರಾಡುವ ಎಲೆಯನ್ನು ಚಾಕು ಎಸೆದು ನೆಲಕ್ಕೆ ನೆಡುತ್ತಾನೆ. ಹೊತ್ತು ಕಳೆಯಲು ಮಾಡಿದ್ದು ಅನಿಸುತ್ತದೆ. ಕೊನೆಗೆ ಅದೇ ಚಾಕು ಎದುರಾಳಿಯ ಪಿಸ್ತೂಲು ಹಿಡಿದ ತೋಳಿಗೆ ನಾಟುತ್ತದೆ, ಆಮೇಲಷ್ಟೇ ಕತ್ತಿಯ ಸರದಿ. ಲಿಯೊನೆ ಚಿತ್ರದಲ್ಲಿ ಎದುರಾಳಿಯ ಕೈಯಲ್ಲಿ ರೈಫಲ್, ನಾಯಕನ ಬಳಿ ಬರೀ ಪಿಸ್ತೂಲು. ಕಂಬಳಿಯೊಳಗೆ ಕಬ್ಬಿಣದ ತಗಡು ಕಟ್ಟಿಕೊಂಡು ಬಿದ್ದು, ಎದ್ದು, ನಡೆದೇ ಹತ್ತಿರ ಬರುತ್ತಾನೆ. ಆಯುಧ ಬದಲಾಯಿತು, ಅಂತರದ ಲೆಕ್ಕ ಬದಲಾಗಲಿಲ್ಲ. ಗುಂಡನ್ನೇ ಕತ್ತಿಯಿಂದ ಸೀಳಿ ಈ ಲೆಕ್ಕ ತಪ್ಪಿಸಿಕೊಳ್ಳುವ ಚಿತ್ರಗಳಲ್ಲಿ ಆಮೇಲಿನ ಯಾವ ಗುಂಡಿಗೂ ನಮಗೆ ಭಯವಾಗುವುದಿಲ್ಲ.

ಪ್ರಶ್ನೆ: ಹೊಡೆದಾಟಕ್ಕಿಂತ ಅದಕ್ಕೆ ಮುಂಚಿನ ಮೌನವೇ ಹಿಡಿದಿಡುತ್ತದೆ. ಅದರ ಕೌಶಲವೇನು?

ಉತ್ತರ: ಕುರೊಸಾವ ಅವರ ‘ಸಂಜುರೊ’ (1962) ಕೊನೆಯಲ್ಲಿ ಕತ್ತಿಗಾರರಿಬ್ಬರೂ ಮೈಗೆ ಮೈ ತಾಗುವಷ್ಟು ಹತ್ತಿರ ಅಲುಗಾಡದೆ ನಿಲ್ಲುತ್ತಾರೆ. ಸುಮಾರು ಅರ್ಧ ನಿಮಿಷ. ಆಮೇಲೆ ಒಂದೇ ಏಟು. ಲಿಯೊನೆ ಅದೇ ಕಾಯುವಿಕೆಯನ್ನು ಕಣ್ಣು, ಬೆರಳು, ಒರೆಯ ಕ್ಲೋಸಪ್‌ಗಳಾಗಿ ಬಿಡಿಸಿದರು. ಅವರು ಬಳಸಿದ ಟೆಕ್ನಿಸ್ಕೋಪ್ ಪದ್ಧತಿಯಲ್ಲಿ ಒಂದು ಫ್ರೇಮಿಗೆ, ಫಿಲ್ಮ್ ಅಂಚಿನ ರಂಧ್ರಗಳ ಲೆಕ್ಕದಲ್ಲಿ, ನಾಲ್ಕರ ಬದಲು ಎರಡೇ ರಂಧ್ರದಷ್ಟು ಉದ್ದದ ಫಿಲ್ಮ್ ಸಾಕು. ಖರ್ಚು ಉಳಿಯಿತು, ಸಾಮಾನ್ಯ ಲೆನ್ಸ್ ಆದ್ದರಿಂದ ಮುಂದಿನ ಮುಖ, ಹಿಂದೆ ದೂರದಲ್ಲಿ ನಿಂತವನು ಇಬ್ಬರೂ ಸ್ಪಷ್ಟವಾಗಿ ಕಂಡರು. ನೋಡುವಾಗ ಒಮ್ಮೆ ಆಯುಧ ಬಿಟ್ಟು ಪಾದಗಳನ್ನು ಗಮನಿಸಿ: ಹಿಮ್ಮಡಿ ತಿರುಗಿತೆಂದರೆ ಏಟು ಬರುವ ಹೊತ್ತಾಯಿತು.